ಹಿಂದಿನ ಚಕ್ರದ ಸ್ಪ್ರಾಕೆಟ್ ಬಿಡ್ತಿಲ್ಲ: ಮೆಕ್ಯಾನಿಕ್ ಅಣ್ಣನಿಗೆ ಪ್ರಶ್ನೆ

ತಿಪಟೂರು: ಅಣ್ಣ, ನಮ್ಮಪ್ಪನ ಹೀರೋ ಹೋಂಡಾ ಸಿಡಿ 100, ಆರು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಚಕ್ರ ಬಿಚ್ಚಿದೆ, ನಡುವಿನ ಸರ್ಕ್ಲಿಪ್ (ಹಿಡಿದಿಡೋ ಸ್ಪ್ರಿಂಗ್ ಉಂಗುರ) ತೆಗೆದೆ, ಸ್ಪ್ರಾಕೆಟ್, ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ಮಾತ್ರ ಹಬ್ (ಚಕ್ರದ ನಡುವಿನ ಭಾಗ) ಬಿಟ್ಟು ಬರ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಕ್ಕೆ ಹಬ್ ಅಂಚಲ್ಲಿ ಚಕ್ಕೆ ಎದ್ದಿದೆ. ಫೋಟೊ ಹಾಕಿದ್ದೀನಿ.

ಮೆಕ್ಯಾನಿಕ್: ಮೊದಲು ಮೀಟೋದು ನಿಲ್ಲಿಸಿ. ಆ ಚಕ್ಕೆ ನೋಡಿ ನನಗೇ ಹೊಟ್ಟೆ ಉರೀತು. ಸ್ಪ್ರಾಕೆಟ್ ಅಂಗಡಿಯಲ್ಲಿ ಸಿಗುತ್ತೆ, ಹಬ್ ಒಡೆದ್ರೆ ಗುಜರಿ ಸುತ್ತಬೇಕು. ಫೋಟೊದಲ್ಲಿ ಸ್ಪ್ರಾಕೆಟ್‌ನ ನಾಲ್ಕು ಪಿನ್ ಹಬ್‌ನಲ್ಲಿರೋ ರಬ್ಬರ್ ಬುಷ್ (ದಪ್ಪ ರಬ್ಬರ್ ಬಳೆ) ಒಳಗೆ ಇಳಿದಿರೋದು ಕಾಣುತ್ತೆ. ಬುಷ್ ಮಧ್ಯೆ ಕಬ್ಬಿಣದ ಕೊಳವೆ ಇದೆ. ಪಿನ್ನೂ ಕೊಳವೆಯೂ ತುಕ್ಕು ಹಿಡಿದು ಒಂದಾಗಿವೆ. ಒಂದು ಕಡೆ ಎತ್ತಿದ್ರೆ ಉಳಿದ ಮೂರು ಓರೆಯಾಗಿ ಇನ್ನೂ ಬಿಗಿ ಆಗುತ್ತೆ, ಮಳೆಗಾಲದ ಮರದ ಡ್ರಾಯರ್ ಥರ.

ವೈರ್ ಬ್ರಷ್‌ನಿಂದ ಪಿನ್ ಬುಡ ಉಜ್ಜಿ, ತುಕ್ಕು ಬಿಡಿಸೋ ಆಯಿಲ್ ಹಾಕಿ ರಾತ್ರಿ ಬಿಡಿ. ಎರಡು ಮೂರು ದಿನ ಹೀಗೇ ಮಾಡಿ. ಬ್ರೇಕ್ ಡ್ರಮ್ ಕಡೆಗೆ ಒಂದು ಹನಿಯೂ ಹೋಗಬಾರದು. ಆಮೇಲೆ ನಟ್ ಸಡಿಲ ಆಗದ ಹಾಗೆ ಹಿಡಿದಿರೋ ಲಾಕ್ ವಾಷರ್‌ನ ಮಡಚಿದ ಕಿವಿ ಬಿಡಿಸಿ, ನಾಲ್ಕೂ ನಟ್ ತೆಗೆದು ಸ್ಪ್ರಾಕೆಟ್ ಮಾತ್ರ ಎತ್ತಿಕೊಳ್ಳಿ. ಪಿನ್‌ಗಳು ಹಬ್‌ನಲ್ಲೇ ಇರಲಿ. ಒಂದೊಂದು ಪಿನ್ ಮೇಲೂ ಗಿಡ್ಡ ಪೈಪ್ ತುಂಡು ನಿಲ್ಲಿಸಿ, ದಪ್ಪ ವಾಷರ್ ಇಟ್ಟು, ಅದೇ ನಟ್ ಬಿಗಿಸ್ತಾ ಹೋಗಿ. ಪಿನ್ ಮೇಲೆ ಬರುತ್ತೆ. ಪೈಪ್ ಬಾಯಿ ರಬ್ಬರ್ ಮೇಲೆ ಅಲ್ಲ, ಸುತ್ತಲಿನ ಹಬ್ ಮೇಲೆ ಕೂತಿರಬೇಕು.

ಮಂಡ್ಯ: ಇಷ್ಟೆಲ್ಲ ಯಾಕೆ ಗುರು? ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿದ್ರೆ ಐದು ನಿಮಿಷದ ಕೆಲಸ.

ಸಾಗರ: ನಮ್ಮ ಗ್ಯಾರೇಜ್‌ನಲ್ಲಿ ಹಾಗೆ ಕಾಯಿಸಿ ಒಂದು ಹಬ್ ಸೊಟ್ಟ ಆಗಿದೆ. ಸುಮ್ಮನೆ ಹೇಳಬೇಡಿ.

ಮಂಡ್ಯ: ಕಾಯಿಸೋಕೆ ಬರದವರು ಕಾಯಿಸಿದ್ರೆ ಹಾಗೇ.

ಮೆಕ್ಯಾನಿಕ್: ಹಬ್ ಅಲ್ಯೂಮಿನಿಯಂದು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಅದಕ್ಕೂ ಬಹಳ ಮೊದಲೇ ಬಲ ಕಳ್ಕೊಳ್ಳುತ್ತೆ. ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸೋದೂ ಇಲ್ಲ. ರಬ್ಬರ್ ಸುಟ್ಟು ಹೋಗುತ್ತೆ. ಬೇಡ.

ಹಾಸನ: ವಾಟ್ಸಾಪಲ್ಲಿ ಬಂದಿತ್ತು, ಕಾಸ್ಟಿಕ್ ಸೋಡಾ ನೀರಲ್ಲಿ ಹಬ್ ನೆನೆಸಿದ್ರೆ ತುಕ್ಕೆಲ್ಲ ಬಿಡುತ್ತಂತೆ.

ಮೆಕ್ಯಾನಿಕ್: ತುಕ್ಕು ಬಿಡಲ್ಲ, ಹಬ್ಬನ್ನೇ ತಿನ್ನುತ್ತೆ. ಹೈಡ್ರೋಜನ್ ಏಳುತ್ತೆ, ಪಕ್ಕದಲ್ಲಿ ಬೆಂಕಿ ಇದ್ರೆ ಗತಿ? ಕಣ್ಣಿಗೆ ಸಿಡಿದ್ರೆ ಕಣ್ಣೇ ಹೋಗುತ್ತೆ. ದಯವಿಟ್ಟು ಇಂಥವನ್ನ ಇಲ್ಲಿ ಹಾಕಬೇಡಿ.

ಹಾಸನ: ಬಂದಿದ್ದು ಹೇಳಿದೆ ಅಷ್ಟೇ, ಸಿಟ್ಟು ಯಾಕೆ?

ಚಿತ್ರದುರ್ಗ: ಹಳೇ ಬುಲೆಟ್‌ಗೂ ಇದೇ ವಿಧಾನಾನಾ?

ಮೆಕ್ಯಾನಿಕ್: ಅಲ್ಲ. ಅದರಲ್ಲಿ ಸ್ಪ್ರಾಕೆಟ್ಟೂ ಬ್ರೇಕ್ ಡ್ರಮ್ಮೂ ಒಂದೇ ಪೀಸು.

ಗದಗ: ಚೈನ್ ಒಂದೇ ಬದಲಿಸಿದ್ರೆ ಸಾಕಾ ಸರ್? ಹುಬ್ಬಳ್ಳಿಯಲ್ಲಿ ಹಳೇ ಹಬ್ ಎಲ್ಲಿ ಸಿಗುತ್ತೆ?

ಮಂಡ್ಯ: ಹತ್ತು ವರ್ಷದಿಂದ ಕಾಯಿಸ್ತಿದ್ದೀನಿ, ಯಾವ ಹಬ್ಬೂ ಹೋಗಿಲ್ಲ.

ಸಾಗರ: ನಿಮ್ಮ ಗಿರಾಕಿಗಳನ್ನ ಕೇಳಬೇಕು.

ಚಿಕ್ಕಮಗಳೂರು: ಬುಲೆಟ್‌ಗೆ ಹೇಗೆ ಅಣ್ಣ?

ಮೆಕ್ಯಾನಿಕ್: ಮೇಲೆ ಹೇಳಿದೆ. ಓದಿ.

ತಿಪಟೂರು: ಅಣ್ಣ, ಮೂರು ದಿನ ಆಯಿಲ್ ಕುಡಿಸಿದೆ. ಮೂರು ಪಿನ್ ಬಂತು. ನಾಲ್ಕನೇದು ಬುಷ್ ಸಮೇತ ಕಿತ್ಕೊಂಡು ಬಂತು. ಹಬ್ ಹಾಳಾಯ್ತಾ?

ಮೆಕ್ಯಾನಿಕ್: ಇಲ್ಲ, ಒಳ್ಳೇದೇ ಆಯ್ತು. ಆ ಗುಂಡಿಯಲ್ಲಿ ಬಟ್ಟೆ ಆಡಿಸಿ, ಉಗುರಿಂದ ಸವರಿ. ಉಗುರು ಎಲ್ಲಾದ್ರೂ ಸಿಕ್ಕಿದ್ರೆ ಬಿರುಕು, ಹಾಗಿದ್ರೆ ಆ ಹಬ್ ರಸ್ತೆಗೆ ಬೇಡ. ಮೀಟಿದ ಜಾಗಾನೂ ಹಾಗೇ ನೋಡಿ. ಬಿರುಕಿಲ್ಲ ಅಂದ್ರೆ ನಾಲ್ಕೂ ಬುಷ್ ಹೊಸದು ಹಾಕಿ, ಪಿನ್‌ಗೆ ತೆಳ್ಳಗೆ ಗ್ರೀಸ್ ಸವರಿ, ಸರ್ಕ್ಲಿಪ್ಪೂ ಲಾಕ್ ವಾಷರ್ರೂ ಹೊಸದೇ ಹಾಕಿ. ಗುಂಡಿಯ ಫೋಟೊ ಹಗಲ ಬೆಳಕಲ್ಲಿ ತೆಗೆದು ಕಳಿಸಿ. ನೋಡಿ ಹೇಳೋವರೆಗೂ ಗಾಡಿ ಓಡಿಸಬೇಡಿ.