ನವೆಂಬರ್ ಒಳಗೆ ಕಟ್ಟಡ ತಪಾಸಣೆ ಆಗಲೇಬೇಕು

ಬಿ-204: ನಮ್ಮ ಅಪಾರ್ಟ್‌ಮೆಂಟಿನ ಎಲ್ಲರಿಗೂ ನಮಸ್ಕಾರ. ಬೇಸ್‌ಮೆಂಟಿನ ಬೀಮ್‌ನಿಂದ ಸಿಮೆಂಟ್ ಉದುರಿ ಕಂಬಿ ಕಾಣುತ್ತಿದೆ, ತುಕ್ಕು ಹಿಡಿದಿದೆ. ಫೋಟೋ ಹಾಕಿದ್ದೇನೆ. ನಮಗೆ ಕೀ ಕೊಟ್ಟು ನವೆಂಬರ್‌ಗೆ ಐದು ವರ್ಷ. ಮನೆ ಕೊಂಡವರ ರಕ್ಷಣೆಗಿರುವ ರೇರಾ ಕಾಯ್ದೆಯ ಸೆಕ್ಷನ್ 14(3) ಪ್ರಕಾರ, ಅಷ್ಟರೊಳಗೆ ಇಂಥ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ಇಡೀ ಕಟ್ಟಡ ತೋರಿಸೋಣ.

ಎ-101: ನಮಗೆ ಓಸಿ (ವಾಸಕ್ಕೆ ಪಾಲಿಕೆ ಕೊಡುವ ಪ್ರಮಾಣಪತ್ರ) ಇದೆಯಲ್ಲಮ್ಮ. ಪಾಲಿಕೆಯವರು ನೋಡಿಯೇ ಕೊಟ್ಟಿರುತ್ತಾರೆ. ಮತ್ತೆ ಸುಮ್ನೆ ದುಡ್ಡು ಯಾಕೆ?

ಬಿ-204: ಓಸಿ ಬೇಕೇ ಬೇಕು ಅಂಕಲ್. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತಲ್ವಾ, ಅಲ್ಲಿ ಅನುಮತಿಗಿಂತ ಜಾಸ್ತಿ ಮಹಡಿ ಏರಿಸಿದ್ದರು. ಓಸಿ ಕೊಡುವಾಗ ಮುಖ್ಯವಾಗಿ ನೋಡುವುದು ಅದನ್ನೇ: ನಕ್ಷೆಯಂತೆ ಕಟ್ಟಿದ್ದಾರಾ, ಎಷ್ಟು ಮಹಡಿ, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ. ಗೋಡೆಯೊಳಗಿನ ವೈರು ಅವರಿಗೆ ಕಾಣುವುದಿಲ್ಲ. ಆಮೇಲೆ ಐದು ಮಳೆಗಾಲ ನೀರು ಕುಡಿದ ಸ್ಲ್ಯಾಬ್ ಈಗ ಹೇಗಿದೆ ಅಂತ ಆ ಕಾಗದ ಹೇಳುವುದಿಲ್ಲ.

ಸಿ-302: ಮೊನ್ನೆ ಬಚ್ಚಲುಮನೆ ನಲ್ಲಿ ಮುಟ್ಟಿ ನಮ್ಮಮ್ಮನಿಗೆ ಶಾಕ್ ಹೊಡೆಯಿತು. ನೋಡಿದರೆ ಗೀಸರ್ ಪಾಯಿಂಟಿಗೆ ಅರ್ತಿಂಗ್ ವೈರೇ ಜೋಡಿಸಿಲ್ಲ! ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚಿನ (ಆರ್‌ಸಿಸಿಬಿ) ಟೆಸ್ಟ್ ಬಟನ್ ಒತ್ತಿದರೂ ಟ್ರಿಪ್ ಆಗಲಿಲ್ಲ. 30 ಮಿಲಿಆಂಪಿಯರ್ ಸೋರಿದರೆ ಅದು ಬೀಳಬೇಕು. ದಯವಿಟ್ಟು ಎಲ್ಲರೂ ಇವತ್ತೇ ಒತ್ತಿ ನೋಡಿ.

ಎ-403: ಬಾಲ್ಕನಿ ಕಂಬಿಯ ಎತ್ತರ ಅಳೆದೆ. 86 ಸೆಂ.ಮೀ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕನಿಷ್ಠ ಒಂದು ಮೀಟರ್ ಅಂತಿದೆ. ನಮ್ಮ ಮಗಳು ಈಗ ಸ್ಟೂಲ್ ಎಳೆದುಕೊಂಡು ಹೋಗಿ ಹತ್ತುವ ವಯಸ್ಸು.

ಎ-101: ಅಯ್ಯೋ, ನಮ್ಮ ಮೊಮ್ಮಗನೂ ಹಾಗೇ. ಇವತ್ತೇ ಅಳೆಯುತ್ತೇನೆ. ಖರ್ಚಿಗೆ ನನ್ನ ಒಪ್ಪಿಗೆ ಇದೆ.

ಸಿ-302: ಬಿಲ್ಡರ್ ಅವರೇ ಇಂಜಿನಿಯರ್ ಕಳಿಸುತ್ತೇವೆ ಅಂದರೆ?

ಬಿ-204: ಬರಲಿ, ಆದರೆ ವರದಿ ನಾವು ಕರೆಸಿದವರದೇ ಇರಲಿ. ಅದರಲ್ಲಿ ನಿಯಮದಂತೆ ಕಟ್ಟದೇ ಇರುವುದನ್ನೂ ಬಳಸಿ ಸವೆದದ್ದನ್ನೂ ಬೇರೆ ಬೇರೆ ಬರೆಸೋಣ. ಎರಡೂ ಕಲೆಸಿದರೆ "ನೀವೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಜಾರಿಕೊಳ್ಳುತ್ತಾರೆ. ಬೀಮ್‌ಗಳಿಗೆ ರೀಬೌಂಡ್ ಹ್ಯಾಮರ್ ಪರೀಕ್ಷೆಯೂ (ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ತಟ್ಟಿ ನೋಡುವುದು) ಆಗಲಿ. ಅಲ್ಲಿಯವರೆಗೆ ಆ ಬೀಮ್ ಕೆಳಗೆ ಯಾರೂ ಗಾಡಿ ನಿಲ್ಲಿಸಬೇಡಿ. ಮೇಲೆ ಸಿಮೆಂಟ್ ಮೆತ್ತಿಸಲೂ ಬೇಡಿ, ಇಂಜಿನಿಯರ್‌ಗೆ ಕಾಣಬೇಕು.

ಭಾನುವಾರ ಬೆಳಗ್ಗೆ 10ಕ್ಕೆ ಬೇಸ್‌ಮೆಂಟಿನಲ್ಲಿ ಸೇರೋಣ. ಪೊಸೆಷನ್ ಪತ್ರದ ಜೆರಾಕ್ಸ್ ತನ್ನಿ. ಕೆಲವರಿಗೆ ಸೆಪ್ಟೆಂಬರ್‌ನಲ್ಲೇ ಕೀ ಸಿಕ್ಕಿದೆ, ಅವರ ದೂರು ಮೊದಲು ಹೋಗಬೇಕು.

ಎ-403: ಟೇಪು ನಾನು ತರುತ್ತೇನೆ.