ಒಂದೇ ಕಂಪ್ಯೂಟರಿಗೆ ಎರಡು ತೂಕದ ಕಾಟಾ, ಒಂದು ಡಿಸ್‌ಪ್ಲೇ: ಸೀರಿಯಲ್ ಪೋರ್ಟ್ ಕಾರ್ಡ್ ಕೂರಿಸೋದು ಹೇಗೆ?

ಮಂಡಿಕಟ್ಟೆ (ತೀರ್ಥಹಳ್ಳಿ)

ಅಡಿಕೆ ಮಂಡಿಯ ಬಿಲ್ಲಿಂಗ್ ಕಂಪ್ಯೂಟರ್ ವಿಷಯ. ವಿಂಡೋಸ್ 10, 64 ಬಿಟ್. ಹಿಂಬದಿಗೆ ಇರೋದು ಒಂದೇ 9 ಪಿನ್ ಸೀರಿಯಲ್ ಪೋರ್ಟು, ವಿಂಡೋಸಿನಲ್ಲಿ ಅದರ ಹೆಸರು ಕಾಮ್ 1. ಅದಕ್ಕೆ ಹಳೇ ಪ್ಲಾಟ್‌ಫಾರಂ ಕಾಟಾ ಹಾಕಿದೆ. ಈಗ ಅಡಿಕೆ ದರ್ಜೆಗಳಲ್ಲಿ ರಾಶಿಗೊಂದು, ಬೆಟ್ಟೆ-ಸರಕಿಗೊಂದು ಅಂತ ಎರಡನೇ ಕಾಟಾ ಬಂದಿದೆ. ಜೊತೆಗೆ ಬೆಳೆಗಾರರಿಗೆ ತೂಕ ಕಾಣೋ ಹಾಗೆ ಅಂಗಳದ ಕಡೆ ದೊಡ್ಡ ಡಿಸ್‌ಪ್ಲೇ ಬೋರ್ಡು.

ಯುಎಸ್‌ಬಿಯಿಂದ ಸೀರಿಯಲ್ ಪೋರ್ಟ್ ಕೊಡೋ ಕನ್ವರ್ಟರ್‌ಗಳನ್ನ ಬೇರೆ ತೂತಿಗೆ ಚುಚ್ಚಿದಾಗೆಲ್ಲ ಕಾಮ್ ನಂಬರ್ ಬದಲಾಗ್ತದೆ ಅಂತ ಎರಡು ಪೋರ್ಟಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತರಿಸಿದ್ದಾಯ್ತು. ಡಬ್ಬಿ ಮೇಲೆ ಹೆಸರಿಲ್ಲ, ಒಳಗೆ ಪುಟ್ಟ ಸಿಡಿ ಇದೆ, ಕಂಪ್ಯೂಟರಿಗೆ ಸಿಡಿ ಡ್ರೈವೇ ಇಲ್ಲ. ಕಾರ್ಡ್ ಕೂರಿಸಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ (ಕಂಪ್ಯೂಟರಿನ ಸಾಧನಗಳನ್ನ ತೋರಿಸೋ ವಿಂಡೋಸ್ ಪಟ್ಟಿ) ಹಳದಿ ಗುರುತು. ಒಂದು ಡ್ರೈವರ್ (ಕಾರ್ಡ್ ನಡೆಸೋ ತಂತ್ರಾಂಶ) ಹಾಕಿದ ಮೇಲೆ ಕಾಮ್ 7, ಕಾಮ್ 8 ಅಂತ ಬಂತು, ಆದ್ರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಆರಿಸೋಕೆ ಇರೋದು ಕಾಮ್ 1ರಿಂದ 4. ಇದರ ಮೇಲೆ ಇನ್ನೊಂದು ವಿಚಿತ್ರ: ಎರಡನೇ ಕಾಟಾ ಆನ್ ಇಟ್ಟು ಕಂಪ್ಯೂಟರ್ ಶುರು ಮಾಡಿದ್ರೆ ಮೌಸಿನ ಬಾಣ ದೆವ್ವ ಹಿಡಿದ ಹಾಗೆ ಪರದೆ ತುಂಬ ಹಾರಾಡ್ತದೆ. ಕಾರ್ಡೇ ಹಾಳಾ?

ಹುಲಿಕಲ್_ತಿರುವು

ಕಾರ್ಡ್ ಹಾಳಾಗಿರೋ ಸಂಭವ ಬಹಳ ಕಡಿಮೆ ಮಾರಾಯ್ರೆ. ಹಳದಿ ಗುರುತು ಅಂದ್ರೆ ಕಾರ್ಡ್ ವಿಂಡೋಸಿಗೆ ಕಂಡಿದೆ, ಯಾವ ಚಿಪ್ಪು ಅಂತ ಗೊತ್ತಾಗಿಲ್ಲ ಅಷ್ಟೆ. ಹಾಳಾದ ಕಾರ್ಡ್ ಆ ಗುರುತನ್ನೂ ತೋರಿಸೋದು ಕಷ್ಟ.

ಹೆಸರಿಲ್ಲದ ಡಬ್ಬಿಗೆ ಡ್ರೈವರ್ ಹುಡುಕೋಕೆ ಸಿಡಿ ಬೇಡ. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್. ಅಲ್ಲಿ ಮೊದಲ ನಾಲ್ಕು ಅಂಕಿಯ ಗುಂಪು ಚಿಪ್ಪು ಮಾಡಿದವರ ಗುರುತು. 9710 ಇದ್ರೆ ಮಾಸ್‌ಚಿಪ್, 1ಸಿ00 ಇದ್ರೆ ಡಬ್ಲ್ಯೂಸಿಎಚ್, 125ಬಿ ಇದ್ರೆ ಏಸಿಕ್ಸ್, 1415 ಇದ್ರೆ ಆಕ್ಸ್‌ಫರ್ಡ್. ಅಗ್ಗದ ಎರಡು ಪೋರ್ಟಿನ ಕಾರ್ಡ್‌ಗಳಲ್ಲಿ ಡಬ್ಲ್ಯೂಸಿಎಚ್‌ನ ಸಿಎಚ್ 382, ಇಲ್ಲಾಂದ್ರೆ ಮಾಸ್‌ಚಿಪ್‌ನ 9900 ಸರಣಿ ಸಾಮಾನ್ಯ. ಚಿಪ್ಪು ಮಾಡಿದವರ ಸೈಟಿನಿಂದಲೇ ಡ್ರೈವರ್ ಇಳಿಸಿ. 'ಎಲ್ಲ ಡ್ರೈವರ್ ಒಂದೇ ಕಡೆ' ಅನ್ನೋ ಪ್ಯಾಕುಗಳ ಸಹವಾಸ ಬೇಡ.

ಕೂರಿಸೋದ್ರಲ್ಲೂ ಒಮ್ಮೆ ಪರೀಕ್ಷೆ ಮಾಡಿ. ಪವರ್ ವೈರ್ ಪೂರ್ತಿ ಕಿತ್ತು, ಸ್ವಿಚ್ಚನ್ನ 5 ಸೆಕೆಂಡ್ ಒತ್ತಿ ಹಿಡಿದು ಒಳಗಿನ ಚಾರ್ಜ್ ಇಳಿಸಿ, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಆಮೇಲೆ ಕಾರ್ಡಿಗೆ ಕೈ ಹಾಕಿ. ಗಿಡ್ಡ ಸ್ಲಾಟ್ ಖಾಲಿ ಇಲ್ಲದಿದ್ರೆ ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟಿಗೂ ಹಾಕಬಹುದು, ನಡೀತದೆ. ಹಳೇ ಪಿಸಿಐ ಸ್ಲಾಟ್ ಬೇರೆಯೇ, ಅದಕ್ಕೆ ಈ ಕಾರ್ಡ್ ಕೂರೋದಿಲ್ಲ. ಕಾರ್ಡಿನ ಲೋಹದ ಪಟ್ಟಿಯ ಸ್ಕ್ರೂ ಬಿಗಿಯಲೇಬೇಕು. ಕಾಟಾದ ವೈರು ದಪ್ಪ, ಯಾರಾದ್ರೂ ಎಡವಿದ್ರೆ ಕಾರ್ಡಿನ ಒಂದು ತುದಿ ಮೇಲೆದ್ದು ಬಿಡ್ತದೆ. ಎರಡನೇ ಪೋರ್ಟು ರಿಬ್ಬನ್ ಕೇಬಲ್ಲಿನಲ್ಲಿ ಬರೋ ಮಾದರಿ ಆದ್ರೆ ಕೆಂಪು ಗೆರೆ ಇರೋ ಅಂಚು ಬೋರ್ಡಿನ 1ನೇ ಪಿನ್ ಕಡೆ ಇರಬೇಕು. ಕಾರ್ಡಿನ ಮೇಲೆ 5 ವೋಲ್ಟ್, 12 ವೋಲ್ಟ್ ಅಂತ ಜಂಪರ್ ಇದ್ರೆ ಅದನ್ನ ಮುಟ್ಟಬೇಡಿ. ಅದು 9ನೇ ಪಿನ್ನಿಗೆ ಪವರ್ ಕೊಡೋಕೆ, ಕಾಟಾಗೆ ಬೇಕಾಗಿಲ್ಲ.

ಮಳೆಗಾಲ ಕಳೆದ ಮೇಲೆ ಕಾರ್ಡ್ ಕಾಣೆಯಾದ್ರೆ ಮೊದಲು ಬಂಗಾರದ ಬಣ್ಣದ ಹಲ್ಲುಗಳನ್ನ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ನಮ್ಮ ಕಡೆ ಜುಲೈ, ಆಗಸ್ಟಿನ ಥಂಡಿಗೆ ಅರ್ಧ 'ಹಾಳಾದ' ಕಾರ್ಡುಗಳು ಇಷ್ಟಕ್ಕೇ ಸರಿಹೋಗ್ತವೆ.

ಗಾಜನೂರು_ಎಡದಂಡೆ

ನಂಬರಿನ ಗೋಳು ಕಾರ್ಡಿನದ್ದಲ್ಲ, ಹಿಂದೆ ಚುಚ್ಚಿದ್ದ ಯುಎಸ್‌ಬಿ ಕನ್ವರ್ಟರುಗಳದ್ದು. ಕಿತ್ತು ಬಿಸಾಕಿದ್ರೂ 3, 4, 5, 6 ಅವುಗಳ ಹೆಸರಲ್ಲೇ ಕಾದಿರಿಸಿದ ಹಾಗೆ ಉಳಿದಿರ್ತವೆ. ಅದಕ್ಕೇ ಕಾರ್ಡಿಗೆ 7 ಮತ್ತು 8 ಸಿಕ್ಕಿದ್ದು.

ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ. ಪೋರ್ಟ್ಸ್ ಅಡಿಯಲ್ಲಿ ಮಾಸಲು ಬಣ್ಣದಲ್ಲಿ ಕಾಣೋವೆಲ್ಲ ಸತ್ತ ಸಾಧನಗಳು, ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಕಾರ್ಡಿನ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಕಾಮ್ 3 ಮತ್ತು ಕಾಮ್ 4 ಆರಿಸಿ. ಒಂದಕ್ಕೆ ನಂಬರ್ ಕೊಟ್ಟು ಓಕೆ ಒತ್ತಿದ ಮೇಲೆ ಇನ್ನೊಂದಕ್ಕೆ ಹೋಗಿ. ಯಾವ ಪೋರ್ಟಿಗೆ ಯಾವ ನಂಬರ್ ಅಂತ ಹಿಂದಿನ ಲೋಹದ ಪಟ್ಟಿ ಮೇಲೆ ಚೀಟಿ ಅಂಟಿಸಿ, ಇಲ್ಲಾಂದ್ರೆ ರಾಶಿ ತೂಕ ಬೆಟ್ಟೆ ಬಿಲ್ಲಿಗೆ ಹೋದೀತು.

ಮೌಸಿನ ದೆವ್ವ ಹಳೇ ಗಿರಾಕಿ. ಸೀರಿಯಲ್ ಮೌಸ್ ಇದ್ದ ಕಾಲದ ಅಭ್ಯಾಸ ವಿಂಡೋಸ್ ಇನ್ನೂ ಬಿಟ್ಟಿಲ್ಲ. ಶುರುವಾಗುವಾಗ ಪೋರ್ಟಿನಲ್ಲಿ ಏನಾದ್ರೂ ಅಕ್ಷರ ಬರ್ತಿದ್ರೆ ಮೌಸ್ ಇರಬಹುದು ಅಂದ್ಕೊಳ್ತದೆ. ಕಾಟಾದ ಇಂಡಿಕೇಟರ್ (ಅಂಕಿ ತೋರಿಸೋ ಪೆಟ್ಟಿಗೆ) ಸೆಕೆಂಡಿಗೆ ಹತ್ತಾರು ಸಲ ತೂಕ ಕಳಿಸೋ 'ಕಂಟಿನ್ಯುಯಸ್' ಮೋಡಿನಲ್ಲಿದ್ರೆ ಅದಕ್ಕೆ ಮೋಸಹೋಗೋಕೆ ಅಷ್ಟು ಸಾಕು. ಡಿವೈಸ್ ಮ್ಯಾನೇಜರ್‌ನ ಮೌಸುಗಳ (Mice) ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್' ಅಂತ ಒಂದು ಕೂತಿರ್ತದೆ. ಅದನ್ನ ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿದ್ರೆ ನಾಳೆ ಬೆಳಗ್ಗೆ ಮತ್ತೆ ಹಾಜರ್. ಕಾಯಂ ಬಿಡುಗಡೆ ಬೇಕಂದ್ರೆ ರಿಜಿಸ್ಟ್ರಿಯ ಸರ್ವಿಸಸ್ ಒಳಗೆ 'ಸೆರ್‌ಮೌಸ್' (sermouse) ಕೀಲಿಯಲ್ಲಿ ಸ್ಟಾರ್ಟ್ ಮೌಲ್ಯವನ್ನ 3ರಿಂದ 4 ಮಾಡಿ. ಯುಎಸ್‌ಬಿ ಮೌಸಿಗೆ ಏನೂ ಆಗೋದಿಲ್ಲ.

ಇನ್ನೊಂದು: ಶಟ್‌ಡೌನ್ ಮಾಡಿ ಎಬ್ಬಿಸಿದಾಗ ಪೋರ್ಟ್ ಕೆಲಸ ಮಾಡದೆ, ರೀಸ್ಟಾರ್ಟ್ ಮಾಡಿದ್ರೆ ಮಾಡ್ತದೆ ಅಂತಾದ್ರೆ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಮಂಡಿಕಟ್ಟೆ (ತೀರ್ಥಹಳ್ಳಿ)

ಐಡಿಯಲ್ಲಿ 1ಸಿ00 ಇತ್ತು, ಡಬ್ಲ್ಯೂಸಿಎಚ್ ಡ್ರೈವರ್ ಹಾಕಿಯಾಯ್ತು. ಮಾಸಲು ಪಟ್ಟಿಯಲ್ಲಿ ನಾಲ್ಕು ಕನ್ವರ್ಟರ್ ಇದ್ವು, ತೆಗೆದ ಮೇಲೆ ಕಾಮ್ 3, 4 ಸಿಕ್ತು. ಮೌಸೂ ಸುಮ್ಮನಾಯ್ತು. ಆದ್ರೆ ಈಗ ಕಾಮ್ 3ರಲ್ಲಿ ಎರಡನೇ ಕಾಟಾದ ಅಂಕಿಗಳು ಅರ್ಧ ಸರಿ, ಅರ್ಧ ಚಿತ್ರವಿಚಿತ್ರ ಅಕ್ಷರ. ಕಾಮ್ 4ರ ಡಿಸ್‌ಪ್ಲೇಯಲ್ಲಿ ಏನೂ ಇಲ್ಲ. ಡಿಸ್‌ಪ್ಲೇ ಕಂಪ್ಯೂಟರಿನಿಂದ ಸುಮಾರು 40 ಮೀಟರ್ ದೂರ.

ಶರಾವತಿ_ಹಿನ್ನೀರು

ಅರ್ಧ ಸರಿ ಅಂದ್ರಲ್ಲ, ಯಾವ ಅರ್ಧ ಅಂತ ನೋಡಿ. 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಕೆಟ್ಟು ಬರ್ತಿದ್ರೆ ಸ್ಪೀಡ್ ಸರಿಯಾಗೇ ಇದೆ, ತಪ್ಪಿರೋದು ಪ್ಯಾರಿಟಿ, ಅಂದ್ರೆ ಅಕ್ಷರ ಸರಿಯಾಗಿ ಬಂತಾ ಅಂತ ನೋಡೋಕೆ ಸೇರಿಸೋ ಬಿಟ್. ಕಾಟಾ 7 ಡೇಟಾ ಬಿಟ್, ಈವನ್ ಪ್ಯಾರಿಟಿಯಲ್ಲಿ ಕಳಿಸ್ತಿದೆ, ನೀವು 8 ಬಿಟ್, ನೋ ಪ್ಯಾರಿಟಿಯಲ್ಲಿ ಓದ್ತಿದ್ದೀರಿ. ಎರಡರಲ್ಲೂ ಶುರು-ಕೊನೆಯ ಬಿಟ್ ಸೇರಿ ಒಂದು ಅಕ್ಷರಕ್ಕೆ ಒಟ್ಟು 10 ಬಿಟ್ ಆದ್ದರಿಂದ ಲೆಕ್ಕ ತಪ್ಪೋದಿಲ್ಲ, ಪ್ಯಾರಿಟಿಯ ಬಿಟ್ ಎಂಟನೇ ಡೇಟಾ ಬಿಟ್ ಆಗಿ ಸೇರ್ಕೊಳ್ತದೆ. 1ರ ಆಸ್ಕಿ ಸಂಕೇತದಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಟ್ಟ ಅಂಕಿ) ಮೂರು ಒಂದುಗಳು, ಬೆಸ ಸಂಖ್ಯೆ, ಹಾಗಾಗಿ ಪ್ಯಾರಿಟಿ 1 ಆಗಿ ಅಕ್ಷರ ಕೆಡ್ತದೆ. 3ರಲ್ಲಿ ನಾಲ್ಕು, ಪ್ಯಾರಿಟಿ 0, ಪಾರು. ಎಲ್ಲ ಅಂಕಿಯೂ ಕಸವಾಗಿ ಬರ್ತಿದ್ರೆ ಮಾತ್ರ ಬಾಡ್ ದರ (ಸ್ಪೀಡ್) ಬದಲಿಸಿ: 1200, 2400, 4800, 9600.

ಇದನ್ನೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ತಡಕಾಡಬೇಡಿ. ಅದನ್ನ ಮುಚ್ಚಿ, ಪುಟ್ಟಿ (PuTTY) ಅನ್ನೋ ಪ್ರೋಗ್ರಾಂ ತೆಗೆದು ಸೀರಿಯಲ್ ಆರಿಸಿ ನೋಡಿ. ಒಂದು ಪೋರ್ಟನ್ನ ಒಮ್ಮೆಗೆ ಒಂದೇ ಪ್ರೋಗ್ರಾಂ ಹಿಡಿಯೋಕಾಗೋದು. ಪುಟ್ಟಿಯಲ್ಲಿ ಫ್ಲೋ ಕಂಟ್ರೋಲ್ ತಾನಾಗೇ ಎಕ್ಸಾನ್/ಎಕ್ಸಾಫ್ ಇರ್ತದೆ, ಅದನ್ನ 'ನನ್' (None) ಮಾಡಿ.

ಡಿಸ್‌ಪ್ಲೇಗೆ ಮೊದಲು ಪೋರ್ಟೇ ಜೀವಂತ ಇದೆಯಾ ನೋಡಿ. ವೈರ್ ಕಿತ್ತು, ಕಾಮ್ 4ರ 2 ಮತ್ತು 3ನೇ ಪಿನ್ನನ್ನ ಸಣ್ಣ ತಂತಿಯಿಂದ ಸೇರಿಸಿ. ಪುಟ್ಟಿಯಲ್ಲಿ ಒತ್ತಿದ ಅಕ್ಷರ ಪರದೆಗೆ ಬಂದು, ತಂತಿ ತೆಗೆದ ಕೂಡಲೇ ನಿಲ್ಲಬೇಕು. ಅಷ್ಟಾದ್ರೆ ಕಾರ್ಡ್, ಡ್ರೈವರ್ ಎರಡೂ ಸರಿ, ತೊಂದರೆ ವೈರಿನದ್ದು.

ವೈರಿಗೆ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ಕಡ್ಡಿ 5ನೇ ಪಿನ್ನಿಗೆ, ಕೆಂಪು 3ನೇ ಪಿನ್ನಿಗೆ. ಕಂಪ್ಯೂಟರ್ ಪೋರ್ಟಿನ ಅಗಲದ ಬದಿ ಮೇಲೆ ಬರೋ ಹಾಗೆ ನೋಡಿದ್ರೆ ಮೇಲಿನ ಸಾಲು ಎಡದಿಂದ 1 ರಿಂದ 5. ವೈರಿನ ತುದಿಯ ಹೆಣ್ಣು ಕನೆಕ್ಟರಿನಲ್ಲಿ ಇದು ತಿರುಗಿ ಬಲದಿಂದ ಎಡಕ್ಕೆ. ಸುಮ್ಮನಿರೋ ಪೋರ್ಟಿನ 3ರಲ್ಲಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಸಿಗಬೇಕು, ಯಾಕಂದ್ರೆ ಅದು ಕಳಿಸೋ ಪಿನ್. ಈಗ ಕಾಟಾದಿಂದ ಬಂದ ವೈರಿನ ತುದಿ ಅಳೆಯಿರಿ: ಅಲ್ಲಿ ಮೈನಸ್ ಇರಬೇಕಾದ್ದು 2ರಲ್ಲಿ. 3ರಲ್ಲಿ ಸಿಕ್ರೆ 2 ಮತ್ತು 3 ಅದಲುಬದಲು ಮಾಡಿ. ಕಾಟಾ ಬಿಡದೆ ಕಳಿಸ್ತಿದ್ರೆ ಮೀಟರ್ ಒಂದೇ ಕಡೆ ನಿಲ್ಲದೆ ಕುಣೀತದೆ, ಅದೂ ಒಳ್ಳೆ ಲಕ್ಷಣವೇ. ಡಿಸ್‌ಪ್ಲೇ ಬರಿ ಕೇಳೋ ಸಾಧನ, ಅದಕ್ಕೆ ನಿಮ್ಮ 3ನೇ ಪಿನ್ ಅದರ ತಗೊಳ್ಳೋ ಪಿನ್ನಿಗೆ, ನಿಮ್ಮ 5 ಅದರ ಗ್ರೌಂಡಿಗೆ. ಎರಡೇ ತಂತಿ.

ಹುಲಿಕಲ್_ತಿರುವು

40 ಮೀಟರ್ ಅನ್ನೋದನ್ನ ಮೊದಲೇ ಹೇಳಬಾರದಿತ್ತಾ! ಆರ್‌ಎಸ್ 232ಕ್ಕೆ, ಅಂದ್ರೆ ಈ 9 ಪಿನ್ ಪೋರ್ಟಿನ ಪದ್ಧತಿಗೆ, 15 ಮೀಟರ್ ಅಂತ ಲೆಕ್ಕ. 1200, 2400 ಬಾಡಿನಲ್ಲಿ ಒಳ್ಳೇ ಶೀಲ್ಡ್ ಕೇಬಲ್ ಆದ್ರೆ ಅದಕ್ಕಿಂತ ದೂರ ಹೋಗ್ತದೆ, ಆದ್ರೆ ಹರಾಜಿನ ದಿನ ಅದನ್ನ ನಂಬಿ ಕೂರೋ ಹಾಗಿಲ್ಲ. ಎರಡು ತುದಿಗೂ 232ರಿಂದ 485 ಕನ್ವರ್ಟರ್ ಹಾಕಿ, ನಡುವೆ ಹೆಣೆದ ಜೋಡಿ ತಂತಿ ಎಳೀರಿ. ಆರ್‌ಎಸ್ 485 ಕಡಿಮೆ ವೇಗದಲ್ಲಿ 1200 ಮೀಟರ್ ತನಕ ಓಡ್ತದೆ.

ಕನ್ವರ್ಟರ್ ತಗೊಳ್ಳುವಾಗ ಆಪ್ಟೋ ಐಸೊಲೇಶನ್ (ಎರಡು ಬದಿಯ ವಿದ್ಯುತ್ ಸೇರದ ಹಾಗೆ ಬೇರ್ಪಡಿಸೋ ವ್ಯವಸ್ಥೆ) ಇರೋದೇ ತಗೊಳ್ಳಿ, ದುಡ್ಡು ನೋಡಬೇಡಿ. ಅಂಗಳದ ತುದಿಯ ಅರ್ಥಿಂಗೂ ಕಂಪ್ಯೂಟರ್ ಕೋಣೆಯ ಅರ್ಥಿಂಗೂ ಬೇರೆ ಬೇರೆ ಆಗಿದ್ರೆ ಆ 5ನೇ ಪಿನ್ನಿನ ತಂತಿಯಲ್ಲೇ ಕರೆಂಟ್ ಹರೀತದೆ. ಏಪ್ರಿಲ್, ಮೇ ಸಂಜೆಯ ಗುಡುಗು-ಸಿಡಿಲಿಗೆ ಮೊದಲು ಸುಡೋದು ಕಾರ್ಡಿನ ಲೈನ್ ಡ್ರೈವರ್ ಚಿಪ್ಪು, ಅಂದ್ರೆ ವೈರಿಗೆ ವೋಲ್ಟೇಜ್ ಕೊಡೋ ಚಿಪ್ಪು. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಎಲ್ಲ ಸರಿ ಕಾಣ್ತದೆ, 3ನೇ ಪಿನ್ ಅಳೆದ್ರೆ ಸೊನ್ನೆ. ಕೇಬಲಿನ ಶೀಲ್ಡನ್ನ ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಎರಡು ಕಾಟಾ ಮತ್ತು ಕಂಪ್ಯೂಟರ್ ಒಂದೇ ಯುಪಿಎಸ್‌ನಿಂದ ಹೋಗಲಿ.

ಮಂಡಿಕಟ್ಟೆ (ತೀರ್ಥಹಳ್ಳಿ)

ಕೆಟ್ಟು ಬರ್ತಿದ್ದದ್ದು ಸರಿಯಾಗಿ 1, 2, 4, 7, 8 ಮಾರಾಯ್ರೆ. 7 ಬಿಟ್, ಈವನ್ ಮಾಡಿದ ಕೂಡಲೇ ಸರಿಹೋಯ್ತು. ಕಾಮ್ 4 ತಂತಿ ಪರೀಕ್ಷೆಯಲ್ಲಿ ಪಾಸು, 3ನೇ ಪಿನ್ನಿನಲ್ಲಿ ಮೈನಸ್ 6 ಚಿಲ್ಲರೆ. ಡಿಸ್‌ಪ್ಲೇಯನ್ನ ಬಿಚ್ಚಿ ತಂದು 2 ಮೀಟರ್ ವೈರಿನಲ್ಲಿ ಹಾಕಿದ್ರೆ ತೂಕ ತೋರಿಸ್ತದೆ. 485 ಕನ್ವರ್ಟರ್ ಜೋಡಿ ಬರೋ ತನಕ ಅದು ಕಂಪ್ಯೂಟರ್ ಮೇಜಿನ ಮೇಲೇ ಇರ್ತದೆ.