ಪದಚರ್ಚೆ: ಡ್ಯಾಶ್‌ಬೋರ್ಡಿನ ‘ಸ್ಕ್ವೀಕ್’, ‘ರ‍್ಯಾಟಲ್’, ‘ಬಜ್’ – ಸಂಜೆಯೊಳಗೆ ಬೇಕು

ಇಂದ: ಕೈಪಿಡಿ ಅನುವಾದಕಿ

ಗೆಳೆಯರೇ,
ಹಳೆಯ ಕಾರಿನ ಡ್ಯಾಶ್‌ಬೋರ್ಡಿನಿಂದ ಬರುವ ಸದ್ದುಗಳನ್ನು ನಿಲ್ಲಿಸುವ ಬಗ್ಗೆ ನಾಲ್ಕು ಪುಟದ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಸಂಜೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ಮೂರು ಸದ್ದಿಗೆ ಮೂರು ಹೆಸರಿವೆ: ಸ್ಕ್ವೀಕ್, ರ‍್ಯಾಟಲ್, ಬಜ್. ಕರಡಿನಲ್ಲಿ ಮೂರಕ್ಕೂ ‘ಕಿರಿಕಿರಿ ಸದ್ದು’ ಎಂದಿದೆ, ಅದು ಸಾಲದು. ಕೋಷ್ಟಕದ ತಲೆಬರಹಕ್ಕೆ ಒಂದೊಂದು ಪದ ಬೇಕು. ವಾಕ್ಯದೊಳಗೆ ಕ್ರಿಯಾಪದವಾಗಿಯೂ ನಡೆಯಬೇಕು. ಡ್ಯಾಶ್‌ಬೋರ್ಡಿಗೆ ಪದವಿದ್ದರೆ ಅದನ್ನೂ ತಿಳಿಸಿ, ಇಲ್ಲದಿದ್ದರೆ ಹಾಗೇ ಬಿಡುತ್ತೇನೆ.

ಇಂದ: ವಾಹನ ರಿಪೇರಿ

‘ಕಿರಿಕಿರಿ’ ತೆಗೆದುಹಾಕಿ. ಅದು ಕೇಳುವವರ ಮನಸ್ಸಿನ ಸ್ಥಿತಿ, ಸದ್ದಿನ ಹೆಸರಲ್ಲ.

ಸದ್ದು ಹುಟ್ಟುವ ಬಗೆ ನೋಡಿ ಪದ ಆರಿಸಿ. ಸ್ಕ್ವೀಕ್ ಬರುವುದು ಒಂದಕ್ಕೊಂದು ಒತ್ತಿಕೊಂಡೇ ಇರುವ ಎರಡು ಭಾಗ ಉಜ್ಜಿದಾಗ. ಮೇಲ್ಮೈಗಳು ಕ್ಷಣಕಾಲ ಕಚ್ಚಿ ಹಿಡಿಯುತ್ತವೆ, ಬಲ ಏರಿದಾಗ ಥಟ್ಟನೆ ಜಾರುತ್ತವೆ, ಮತ್ತೆ ಕಚ್ಚುತ್ತವೆ. ನಿಂತಿರುವಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ಹೆಚ್ಚು, ಅದಕ್ಕೇ ಹೀಗೆ. ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕಿರ್ ಎನ್ನುತ್ತದೆ. ರ‍್ಯಾಟಲ್‌ನಲ್ಲಿ ಭಾಗಗಳ ನಡುವೆ ಸಂದಿ ಇರುತ್ತದೆ, ಬಿಟ್ಟುಬಿಟ್ಟು ಬಡಿಯುತ್ತವೆ. ಬಜ್ ಎಂದರೆ ತೆಳುವಾದ ಭಾಗವೊಂದು, ಉದಾಹರಣೆಗೆ ಸ್ಪೀಕರಿನ ಜಾಲರಿ, ಎಂಜಿನ್ನಿನ ಒಂದು ನಿರ್ದಿಷ್ಟ ವೇಗಕ್ಕೆ ಸರಿಯಾಗಿ ಅದುರುವುದು. ವೇಗ ಸ್ವಲ್ಪ ಬದಲಾದರೂ ನಿಂತುಹೋಗುತ್ತದೆ.

ಮೂರಕ್ಕೂ ಒಂದೇ ಪದ ಹಾಕಿದರೆ ಓದಿದವರು ತಪ್ಪು ಮದ್ದು ಹಾಕುತ್ತಾರೆ. ಉಜ್ಜುವ ಕಡೆ ಬೇಕಾದದ್ದು ಫೆಲ್ಟ್ ಟೇಪು ಅಥವಾ ತೆಳುವಾಗಿ ಒರೆಸಿದ ಸಿಲಿಕೋನ್ ಗ್ರೀಸು. ಬಡಿಯುವ ಕಡೆ ಸಂದಿ ತುಂಬಬೇಕು, ಇಲ್ಲವೇ ಕ್ಲಿಪ್ಪು ಬದಲಿಸಬೇಕು. ಬಡಿಯುವ ಕಡೆ ಗ್ರೀಸು ಹಚ್ಚಿದರೆ ಪ್ರಯೋಜನವಿಲ್ಲ. ಉಜ್ಜುವ ಕಡೆ ಸ್ಕ್ರೂ ಬಿಗಿದರೆ ಒತ್ತಡ ಹೆಚ್ಚಿ ಸದ್ದೂ ಹೆಚ್ಚಬಹುದು.

ನನ್ನ ಸಲಹೆ: ‘ಕಿರುಗುಟ್ಟು’, ‘ಲೊಡಲೊಡ’, ‘ಗುಂಯ್‌ಗುಟ್ಟು’.

ಇಂದ: ವ್ಯಾಕರಣಾಸಕ್ತ

> ನನ್ನ ಸಲಹೆ: ‘ಕಿರುಗುಟ್ಟು’, ‘ಲೊಡಲೊಡ’

ಒಂದು ಕ್ರಿಯಾಪದ, ಒಂದು ಅನುಕರಣಾವ್ಯಯ. ಒಂದೇ ಕೋಷ್ಟಕದಲ್ಲಿ ಇವೆರಡನ್ನು ಅಕ್ಕಪಕ್ಕ ಇಡುವಂತಿಲ್ಲ. ‘ಪಿಸುಗುಟ್ಟು’ ಇದ್ದ ಹಾಗೆ ಎರಡನೆಯ ‘ಲೊಡ’ ಬಿಟ್ಟು ‘ಗುಟ್ಟು’ ಸೇರಿಸಿ: ‘ಲೊಡಗುಟ್ಟು’. ತಲೆಬರಹಕ್ಕೆ ನಾಮಪದ ಬೇಕೆಂದು ‘ಕಿರುಗುಟ್ಟುವಿಕೆ’ ಮಾಡಬೇಡಿ, ‘ಕಿರುಗುಟ್ಟುವುದು’ ಸಾಕು.

ಆದರೆ ‘ಲೊಡ’ ಇಲ್ಲಿ ಹೊಂದುವುದಿಲ್ಲ. ಅದು ದೊಡ್ಡದಾದ, ಕೀಲು ಸಡಿಲಿದ ವಸ್ತುವಿನ ಸದ್ದು. ಗಟ್ಟಿ ಪ್ಲಾಸ್ಟಿಕ್ಕು ಗಟ್ಟಿ ಪ್ಲಾಸ್ಟಿಕ್ಕಿಗೆ ಬಡಿದರೆ ‘ಖಡಖಡ’. ಬಜ್‌ಗೆ ‘ಝೇಂಕಾರ’ ಎಂಬ ಒಳ್ಳೆಯ ಪದವೇ ಇದೆ.

ಇಂದ: ಅಚ್ಚಗನ್ನಡ

‘ಖ’ ಯಾಕೆ? ಆಡುವ ಬಾಯಲ್ಲಿ ಅದು ‘ಕಡಕಡ’. ಸದ್ದನ್ನು ಇದ್ದ ಹಾಗೆ ಹಿಡಿಯುವ ಪದಕ್ಕೂ ಮಹಾಪ್ರಾಣ ತುರುಕುವ ಚಟ ಬಿಡಬೇಕು. ‘ಝೇಂಕಾರ’ವೂ ಬೇಡ. ‘ಘರ್ಷಣೆ’ ಯಾಕೆ, ‘ತಿಕ್ಕಾಟ’ ಇಲ್ಲವೇ? ‘ಫೆಲ್ಟ್ ಟೇಪು’ ಅಂದರೆ ‘ಕಂಬಳಿಪಟ್ಟಿ’.

ಡ್ಯಾಶ್‌ಬೋರ್ಡ್ ಎಂಬ ಪದ ಕುದುರೆಗಾಡಿಯ ಕಾಲದ್ದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸಾರಥಿಯ ಮೈಮೇಲೆ ಬೀಳದಂತೆ ಗಾಡಿಯ ಮುಂದೆ ಹಲಗೆಯೊಂದನ್ನು ಕಟ್ಟುತ್ತಿದ್ದರು. ಡ್ಯಾಶ್ ಎಂದರೆ ಆ ಸಿಡಿತ. ಇಂದು ಕುದುರೆಯೂ ಇಲ್ಲ, ಕೆಸರೂ ಇಲ್ಲ. ಅರ್ಥ ಸತ್ತ ಪದವನ್ನು ಹೊರುವುದಕ್ಕಿಂತ ‘ಮುಂಬಲಗೆ’ ಎನ್ನಿ. ಮುಂಗೈ, ಮುಂಬಾಗಿಲು ಇದ್ದ ಹಾಗೆ.

ಇಂದ: ವ್ಯಾಕರಣಾಸಕ್ತ

ಧಡಧಡ, ಝಣಝಣ, ಘಮಘಮ, ಥಟ್ಟನೆ. ಇವನ್ನೆಲ್ಲ ಯಾರು ತುರುಕಿದರು? ಅನುಕರಣ ಪದಗಳಲ್ಲಿ ಮಹಾಪ್ರಾಣ ಬರುವುದು ಜೋರು ತೋರಿಸಲು.

‘ಮುಂಬಲಗೆ’ಯ ಹಲಗೆಯನ್ನೇ ಶಾಲೆಯ ವ್ಯಾಕರಣ ‘ಫಲಕ’ದ ತದ್ಭವ ಎನ್ನುತ್ತದೆ. ಎರವಲು ಬೇಡ ಎನ್ನುವವರು ಅದನ್ನೂ ಬಿಡಬೇಕಾಗುತ್ತದೆ.

ಇಂದ: ಅಚ್ಚಗನ್ನಡ

ತಮಿಳಿನಲ್ಲಿ ‘ಪಲಗೈ’ ಇದೆ, ಹಳಗನ್ನಡದಲ್ಲಿ ‘ಪಲಗೆ’ ಇದೆ. ಯಾರಿಂದ ಯಾರು ಪಡೆದರು ಎಂಬುದು ತೀರ್ಮಾನವಾದ ಮಾತಲ್ಲ. ಶಾಲೆಯ ಪಟ್ಟಿ ಪುರಾವೆಯಲ್ಲ.

ಇಂದ: ವಾಹನ ರಿಪೇರಿ

ಪಲಗೆ ಎಲ್ಲಿಂದಲಾದರೂ ಬರಲಿ, ಡ್ಯಾಶ್‌ಬೋರ್ಡು ಹಲಗೆಯಲ್ಲ. ಒಳಗೆ ಅಡ್ಡಕ್ಕೆ ಒಂದು ಉಕ್ಕಿನ ತೊಲೆ, ಅದರ ಮೇಲೆ ಪ್ಲಾಸ್ಟಿಕ್ ಮೈ, ಅದಕ್ಕೆ ಕ್ಲಿಪ್ಪುಗಳಲ್ಲಿ ಕೂತ ಹತ್ತಾರು ತುಂಡುಗಳು. ಸದ್ದು ಹುಟ್ಟುವುದೇ ಈ ಕೂಡಿಕೆಗಳಲ್ಲಿ.

‘ಹಲಗೆ’ ಎಂದರೆ ಓದಿದವರು ಸ್ಕ್ರೂಗಳನ್ನು ಸಿಕ್ಕಷ್ಟು ಬಿಗಿಯುತ್ತಾರೆ. ಲೆಕ್ಕ ನೋಡಿ: 1.4 ಮೀಟರ್ ಉದ್ದದ ಎಬಿಎಸ್ ಪ್ಲಾಸ್ಟಿಕ್ಕು 40 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕು 1 ಮಿಲಿಮೀಟರೂ ಹಿಗ್ಗುವುದಿಲ್ಲ. ಆ ವ್ಯತ್ಯಾಸಕ್ಕೆ ಜಾಗವಿರಲೆಂದೇ ಕೆಲವು ಸ್ಕ್ರೂ ತೂತುಗಳನ್ನು ಉದ್ದುದ್ದವಾಗಿ ಕೊರೆದಿರುತ್ತಾರೆ. ಅಂಥ ತೂತಿನಲ್ಲಿ ಬಿಗಿ ಜಾಸ್ತಿಯಾದರೆ ಪ್ಲಾಸ್ಟಿಕ್ಕು ಸರಿಯಲಾಗದೆ ಕಿರುಗುಟ್ಟುತ್ತದೆ, ಹಳೆಯದಾದರೆ ತೂತಿನ ಬಳಿ ಸೀಳುತ್ತದೆ. ಬೆಳಗಿನ ಚಳಿಯಲ್ಲಿದ್ದ ಸದ್ದು ಬಿಸಿಲೇರಿದ ಮೇಲೆ ಮಾಯವಾಗುವುದಕ್ಕೂ ಈ ಹಿಗ್ಗುವುದೇ ಕಾರಣ. ಸದ್ದು ಹುಡುಕುವಾಗ ಅದು ಬರುವ ಹೊತ್ತಿನಲ್ಲೇ ಹುಡುಕಿ ಎಂದು ಕೈಪಿಡಿಯಲ್ಲಿ ಸೇರಿಸಿ.

‘ಕಂಬಳಿಪಟ್ಟಿ’ ಅಪಾಯ. ಕಂಬಳಿ ನೇಯ್ದದ್ದು, ಫೆಲ್ಟ್ ನೇಯ್ದದ್ದಲ್ಲ. ಎಳೆಗಳನ್ನು ಒತ್ತಿ ಕೂಡಿಸಿದ್ದು. 10 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ, ಅದಕ್ಕೇ ಅದನ್ನು ಬಳಸುವುದು. ಕಂಬಳಿಯ ತುಂಡು ಹಾಕಿದರೆ ತೇವ ಹಿಡಿದುಕೊಳ್ಳುತ್ತದೆ, ದಾರ ಬಿಡುತ್ತದೆ.

‘ತಿಕ್ಕಾಟ’ ಬರೆಯಿರಿ, ತಕರಾರಿಲ್ಲ. ‘ಝೇಂಕಾರ’ ದುಂಬಿಗೆ ಇರಲಿ.

ಇಂದ: ಕೈಪಿಡಿ ಅನುವಾದಕಿ

ಡ್ಯಾಶ್‌ಬೋರ್ಡ್, ಫೆಲ್ಟ್, ಸ್ಕ್ರೂ ಹಾಗೇ ಉಳಿಸಿದೆ. ರ‍್ಯಾಟಲ್ ಇನ್ನೂ ಇತ್ಯರ್ಥವಾಗಿಲ್ಲ. ಮೂಲದಲ್ಲಿ ಆ ಒಂದೇ ತಲೆಬರಹದ ಕೆಳಗೆ ಗ್ಲೋವ್ ಬಾಕ್ಸ್ ಮುಚ್ಚಳ, ವೈರಿನ ಕಟ್ಟು, ಗಾಳಿಕೊಳವೆಗೆ ಬಿದ್ದ ನಾಣ್ಯ, ಎಲ್ಲವೂ ಇವೆ. ಲೊಡಲೊಡವೋ ಖಡಖಡವೋ?

ಇಂದ: ಮಾತಿನ ಆಸಕ್ತೆ

ಒಂದೇ ಪದ ಯಾಕೆ ಬೇಕು? ಇಂಗ್ಲಿಷಿನಲ್ಲಿ ಒಂದೇ ಇದೆ ಎಂದು ಕನ್ನಡದಲ್ಲೂ ಒಂದನ್ನೇ ಹುಡುಕುವುದು ತಪ್ಪು. ಮುಚ್ಚಳ ಕೀಲಿನಲ್ಲಿ ಆಡಿದರೆ ಲೊಡಲೊಡ. ಸಣ್ಣ ಗಟ್ಟಿ ವಸ್ತು ಒಂದೇ ಜಾಗಕ್ಕೆ ಬಡಿದರೆ ಟಕಟಕ. ಟೊಳ್ಳಿನೊಳಗೆ ಬಿಡಿ ವಸ್ತು ಉರುಳಾಡಿದರೆ ಗಲಗಲ. ಒಣಗಿದ ಕಾಯೊಳಗೆ ಬೀಜ ಆಡುವ ಸದ್ದನ್ನು ಯಾರೂ ಖಡಖಡ ಎನ್ನುವುದಿಲ್ಲ.

ಇಂದ: ವಾಹನ ರಿಪೇರಿ

ಇದು ಸರಿ. ಮೂಲದ ಕೋಷ್ಟಕಕ್ಕಿಂತ ಇದೇ ಉಪಯುಕ್ತ, ಯಾಕೆಂದರೆ ಸದ್ದಿನ ಹೆಸರೇ ಕೈಯನ್ನು ಸರಿಯಾದ ಜಾಗಕ್ಕೆ ಒಯ್ಯುತ್ತದೆ. ಹೀಗೆ ಹಾಕಿ:

ಲೊಡಲೊಡ – ಗ್ಲೋವ್ ಬಾಕ್ಸ್. ಮೊದಲು ಒಳಗಿನ ಸಾಮಾನೆಲ್ಲ ತೆಗೆದು ಓಡಿಸಿ ನೋಡಿ. ಸದ್ದು ಉಳಿದರೆ ಮುಚ್ಚಳ ತಾಗುವ ರಬ್ಬರ್ ಗುಂಡಿಗಳು ಸವೆದಿವೆಯೇ, ಬಿದ್ದಿವೆಯೇ ನೋಡಿ. ಚಿಲಕದ ಕೊಂಡಿಗೆ ಒಂದು ಸುತ್ತು ಬಟ್ಟೆ ಟೇಪು ಸಾಕು.

ಟಕಟಕ – ಸಾಮಾನ್ಯವಾಗಿ ವೈರಿನ ಕಟ್ಟು ಅಥವಾ ಕನೆಕ್ಟರು ಪ್ಲಾಸ್ಟಿಕ್ಕಿಗೆ ಬಡಿಯುವುದು. ಫೋಮ್ ಟೇಪು ಸುತ್ತಿ. ಸಂದಿ ತುಂಬುವುದಾದರೆ ಫೋಮ್ ದಪ್ಪ ಸಂದಿಯ ಒಂದೂವರೆ ಪಟ್ಟಿರಲಿ: 2 ಮಿಲಿಮೀಟರ್ ಸಂದಿಗೆ 3 ಮಿಲಿಮೀಟರ್ ಫೋಮ್. ಹೆಚ್ಚು ದಪ್ಪವಾದರೆ ಪ್ಯಾನೆಲ್ ಹೊರಕ್ಕೆ ದಬ್ಬಿ ಕ್ಲಿಪ್ಪು ಪೂರ್ತಿ ಕೂರುವುದಿಲ್ಲ, ಆಗ ಹೊಸ ಸದ್ದು ಶುರು. ಅಂಟಿಸುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಲು ಬಿಡಿ. ಪೆಟ್ರೋಲು, ಥಿನ್ನರು ಬೇಡ, ಪ್ಲಾಸ್ಟಿಕ್ಕು ಬಿರಿಯುತ್ತದೆ. ಗಾಡಿ ನಿಂತಿರುವಾಗಲೂ ಒಂದೇ ಲಯದಲ್ಲಿ ಟಕಟಕ ಎಂದರೆ ಅದು ಬೇರೆ: ಎ.ಸಿ. ಗಾಳಿಯ ಬಾಗಿಲು ತಿರುಗಿಸುವ ಪುಟ್ಟ ಮೋಟರಿನ ಹಲ್ಲು ಮುರಿದಿರಬಹುದು. ಹಾಗಿದ್ದರೆ ಟೇಪು ಮದ್ದಲ್ಲ, ಮೋಟರು ಬದಲಿಸಬೇಕು.

ಗಲಗಲ – ಬಿದ್ದ ಸ್ಕ್ರೂ, ನಾಣ್ಯ. ತಿರುವಿನಲ್ಲಿ ಸದ್ದು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತದೆ. ತೆಗೆಯದೆ ಬೇರೆ ದಾರಿಯಿಲ್ಲ.

ಕಿರುಗುಟ್ಟುವುದು – ಒಬ್ಬರು ಓಡಿಸುತ್ತಿರಲಿ, ಪಕ್ಕದಲ್ಲಿ ಕೂತವರು ಅಂಗೈಯಿಂದ ಒಂದೊಂದೇ ಅಂಚು ಒತ್ತುತ್ತಾ ಬರಲಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಬದಲಾಗುತ್ತದೋ ಅದೇ ಕೂಡಿಕೆ. ಪ್ಯಾನೆಲನ್ನು ನೈಲಾನ್ ಮೀಟುಗೋಲಿನಿಂದ, ಕ್ಲಿಪ್ಪಿನ ಹತ್ತಿರವೇ ಹಿಡಿದು, ನೇರ ಹೊರಕ್ಕೆ ಎಳೆಯಿರಿ. ಸ್ಕ್ರೂಡ್ರೈವರಿನಿಂದ ಓರೆಯಾಗಿ ಮೀಟಿದರೆ ಹಳೆಯ ಪ್ಲಾಸ್ಟಿಕ್ಕಿನ ಕೊಕ್ಕೆ ಮುರಿಯುತ್ತದೆ. ಕೂಡಿಕೆಯ ಒಂದು ಬದಿಗೆ ಮಾತ್ರ ಫೆಲ್ಟ್ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಸದ್ದು ನಿಂತಂತೆ ಕಾಣುತ್ತದೆ, ಆಮೇಲೆ ಎಣ್ಣೆ ಆರಿ, ಧೂಳು ಕೂತು, ಮೊದಲಿನಂತೆಯೇ ಆಗುತ್ತದೆ.

ಏರ್‌ಬ್ಯಾಗಿನ ಎಚ್ಚರಿಕೆ ಎಲ್ಲಕ್ಕಿಂತ ಮೇಲೆ ಬರಲಿ: ಬ್ಯಾಟರಿಯ ಋಣ (ನೆಗೆಟಿವ್) ತಂತಿ ಬಿಚ್ಚಿ, ಆ ಗಾಡಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನು ಎಳೆಯಬಾರದು. ಏರ್‌ಬ್ಯಾಗಿನ ಮುಚ್ಚಳ ಸೀಳುವ ಗೆರೆಯ ಮೇಲೆ ಟೇಪು, ಅಂಟು ಯಾವುದೂ ಬೀಳಬಾರದು.

ಇಂದ: ವ್ಯಾಕರಣಾಸಕ್ತ

ಮತ್ತೆ ಮೂರು ಅವ್ಯಯ, ಒಂದು ಕೃದಂತ. ಕೊನೆಯದನ್ನು ‘ಕಿರಕಿರ’ ಎಂದು ಸರಿಗಟ್ಟಿ.

ಇಂದ: ಕೈಪಿಡಿ ಅನುವಾದಕಿ

‘ಕಿರಕಿರ’ ಹಾಕಿದರೆ ಓದುವಾಗ ‘ಕಿರಿಕಿರಿ’ ಆಗುತ್ತದೆ, ಬಿಟ್ಟದ್ದೇ ಮರಳಿ ಬಂದಂತೆ. ‘ಕಿರ್‌ಕಿರ್’ ಎಂದು ಹಾಕುತ್ತೇನೆ, ವಾಕ್ಯದೊಳಗೆ ‘ಕಿರುಗುಟ್ಟು’. ಬಜ್‌ಗೆ ‘ಗುಂಯ್’, ‘ಗುಂಯ್‌ಗುಟ್ಟು’. ‘ಖಡಖಡ’ ಎಲ್ಲೂ ಬೇಕಾಗಲಿಲ್ಲ.

ಇಂದ: ಅಚ್ಚಗನ್ನಡ

ಅದೊಂದು ಒಳ್ಳೆಯದಾಯಿತು. ಆದರೆ ‘ಫೋಮ್’ ಹಾಗೇ ಉಳಿದಿದೆಯಲ್ಲ. ‘ನೊರೆ’ ಎಂಬ ಪದಕ್ಕೆ ಯಾವ ಕೊರತೆ? ‘ನೊರೆಪಟ್ಟಿ’ ಎನ್ನಿ.

ಇಂದ: ವಾಹನ ರಿಪೇರಿ

ಬೇಡವೇ ಬೇಡ. ಡಬ್ಬಿಯಿಂದ ಸಿಂಪಡಿಸುವ, ಉಬ್ಬಿ ಗಟ್ಟಿಯಾಗುವ ನೊರೆಯೂ ಮಾರಾಟಕ್ಕಿದೆ. ‘ನೊರೆ’ ಎಂದು ಅಚ್ಚಾದರೆ ಯಾರಾದರೂ ಅದನ್ನೇ ಡ್ಯಾಶ್‌ಬೋರ್ಡಿನ ಸಂದಿಗೆ ತುಂಬುತ್ತಾರೆ. ಅದು ಉಬ್ಬಿ ಪ್ಯಾನೆಲನ್ನು ದಬ್ಬುತ್ತದೆ, ವೈರುಗಳನ್ನು ಕಚ್ಚಿಕೊಳ್ಳುತ್ತದೆ, ಮುಂದೆ ಬಿಚ್ಚಬೇಕೆಂದರೆ ಮುರಿಯದೆ ಬರುವುದಿಲ್ಲ. ‘ಫೋಮ್ ಟೇಪು’ ಎಂದೇ ಇರಲಿ.